ಮೊದಲು ಮನೆ

ಬಾಗಿಲು ತೆರೆದೇ ಇತ್ತು. ಒಳಗೆ ಏಣಿಯ ಮೇಲೆ ನಿಂತಿದ್ದವನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಹೊಸ್ತಿಲಲ್ಲೇ ನಿಂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ಬಾಡಿಗೆಗಿದೆ ಅಂತ ಬೋರ್ಡ್ ನೋಡಿದೆ. ನಾನೊಬ್ಬಳೇ ಇರೋದು. ಕನ್ನಡಕದ ಅಂಗಡೀಲಿ ಕಣ್ಣು ಟೆಸ್ಟ್ ಮಾಡೋ ಕೆಲಸ. ಮನೆಗೆ ಯಾರೂ ಬರಲ್ಲ, ಹೋಗಲ್ಲ. ಟಿವಿ ಕೂಡ ಜೋರಾಗಿ ಹಾಕಲ್ಲ."

ಅವನು ತಿರುಗಿದ. ಒಂದು ಹುಬ್ಬಿನ ಮೇಲೆ ಬಿಳಿ ಬಣ್ಣದ ಹನಿ.

"ನನ್ನದೇನೂ ಅಭ್ಯಂತರ ಇಲ್ಲ ಮೇಡಂ, ಜೋರಾಗೇ ಹಾಕಿ," ಎಂದ. "ಆದ್ರೆ ನಾನು ಪೇಂಟರ್. ಓನರ್ ಕೆಳಗಡೆ ಇದ್ದಾರೆ."

ಬೇರೆ ಸಮಯವಾಗಿದ್ದರೆ ನಾಚಿಕೆಯಾಗುತ್ತಿತ್ತು. ಈಗ ಏನೂ ಆಗಲಿಲ್ಲ. ಕೆಲವು ತಿಂಗಳಿಂದ ಅವಳಿಗೆ ಹಾಗೆಯೇ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಯಾರದೋ ಅನ್ನಿಸುತ್ತದಲ್ಲ, ಇಡೀ ದಿನ ಅಂಥದ್ದೊಂದು ಮರಗಟ್ಟಿದ ಸ್ಥಿತಿ.

"ಬಂದಿದ್ದೀರಲ್ಲ, ನೋಡ್ಕೊಂಡೇ ಹೋಗಿ." ಅವನು ಏಣಿ ಇಳಿದು ದಾರಿ ಬಿಟ್ಟ. "ಆ ರೂಮಿಗಿನ್ನೂ ಬಣ್ಣ ಆಗಿಲ್ಲ. ಯಾವುದು ಹಾಕ್ಲಿ?"

"ಯಾವುದಾದ್ರೂ ಸರಿ."

"ಆ ಬಣ್ಣ ಸ್ಟಾಕ್ ಇಲ್ಲ. ಬೇರೆ ಹೇಳಿ."

ಅವಳು ಅವನ ಮುಖ ನೋಡಿದಳು. ಅವನು ನಗುತ್ತಿರಲಿಲ್ಲ, ನಗು ಕಣ್ಣಿನ ತುದಿಗೆ ಬಂದು ಅಪ್ಪಣೆಗಾಗಿ ಕಾಯುತ್ತಿತ್ತು.

"ತಿಳಿ ಹಸಿರು," ಎಂದಳು.

ಕೆಳಗಿನ ಮನೆಯಲ್ಲಿದ್ದವರು ರಿಟೈರ್ ಆದ ಟೀಚರಮ್ಮ. ಒಂಟಿ ಜೀವ. ಅವಳನ್ನು ಕೂರಿಸಿ, ಅಂಗಡಿಯ ವಿಷಯ ಕೇಳಿ, ಸೋಮವಾರ ಬಂದು ಅಗ್ರಿಮೆಂಟಿಗೆ ಸಹಿ ಹಾಕು ಅಂದರು. ಹಳೆಯ ಓನರ್ ನಂಬರ್ ಒಂದಿದ್ದರೆ ಒಳ್ಳೆಯದು ಅಂದರು. ಅವಳು ಕೊಟ್ಟಳು. ಕೊಡದಿದ್ದರೆ ಅದೇ ಒಂದು ಅನುಮಾನ.

ಭಾನುವಾರವೇ ಫೋನ್ ಬಂತು. ತಪ್ಪು ತಿಳ್ಕೋಬೇಡಮ್ಮ, ಮನೆ ಬೇರೆಯವರಿಗೆ ಮಾತಾಗಿಹೋಯ್ತು.

ಇದು ಹೊಸದಲ್ಲ. ಅವಳ ಗಂಡನಾಗಿದ್ದವನು ವಿಚ್ಛೇದನವಾದ ಮೇಲೂ ಹಳೆಯ ಮನೆ ಹುಡುಕಿಕೊಂಡು ಬಂದಿದ್ದ. ಬಾಗಿಲು ಮುರಿದ, ಅವಳ ಮಣಿಕಟ್ಟನ್ನೂ ಮುರಿದ. ಅವಳೇ ಪೊಲೀಸರನ್ನು ಕರೆದಳು. ಮಾರನೆಯ ದಿನ ಹಳೆಯ ಓನರ್, ನೀವು ಒಳ್ಳೆಯವರೇ, ಆದರೆ ಇದು ಮರ್ಯಾದಸ್ಥರು ಇರೋ ಜಾಗ ಎಂದು ಮನೆ ಖಾಲಿ ಮಾಡಿಸಿದರು. ಅಂದಿನಿಂದ ಅಕ್ಕನ ಮನೆಯ ಹಾಲ್‌ನಲ್ಲಿ ಅವಳ ಹಾಸಿಗೆ. ಹೊಸ ಮನೆ ಕೇಳಿದಲ್ಲೆಲ್ಲ ಓನರುಗಳು ಹಳೆಯ ಓನರಿಗೆ ಫೋನ್ ಮಾಡುತ್ತಿದ್ದರು; ಮನೆ ಬೇರೆಯವರ ಪಾಲಾಗುತ್ತಿತ್ತು.

ಆ ವಾರವೇ ಪೇಂಟರ್ ಅಂಗಡಿಗೆ ಬಂದ. ಕಣ್ಣು ತೋರಿಸಬೇಕಂತೆ.

ಅವಳು ಪರೀಕ್ಷೆಯ ಫ್ರೇಮನ್ನು ಅವನ ಮೂಗಿನ ಮೇಲಿಟ್ಟಳು. ಕಿವಿಯ ಹಿಂದೆ ಕಡ್ಡಿ ಸರಿಪಡಿಸುವಾಗ ಅವಳ ಬೆರಳು ತಗುಲಿತು. ಅವನು ಉಸಿರು ಹಿಡಿದ. ಗಾಜಿನ ಹಿಂದೆ ಅವನ ಕಣ್ಣು ಅಗಲವಾಗಿ, ಬೈಸಿಕೊಳ್ಳಲು ತಯಾರಾದ ಹುಡುಗನ ಕಣ್ಣಿನಂತೆ ಕಂಡಿತು.

"ಕೊನೇ ಸಾಲು ಓದಿ."

"ಕಾಣ್ತಿಲ್ಲ."

"ಅದರ ಮೇಲಿನದು?"

"ಮಸುಕು."

"ಮೊನ್ನೆ ಗೋಡೇಲಿ ಕೂದಲೆಳೆಯಷ್ಟು ಬಿರುಕು ಹುಡುಕಿ ಮುಚ್ತಿದ್ರಿ. ಇಷ್ಟು ದೊಡ್ಡ ಅಕ್ಷರ ಕಾಣಲ್ವಾ?"

ಅವನು ಸಿಕ್ಕಿಬಿದ್ದ. ಕೊನೆಯ ಸಾಲನ್ನು ಸರಾಗವಾಗಿ ಓದಿ, ತಲೆ ತಗ್ಗಿಸಿದ. "ನಿಮ್ಮ ರೂಮಿಗೆ ತಿಳಿ ಹಸಿರು ಹಾಕಿದೆ. ಆಮೇಲೆ ಗೊತ್ತಾಯ್ತು, ನೀವು ಬರ್ತಿಲ್ಲ ಅಂತ."

"ಯಾಕೆ ಅಂತಾನೂ ಗೊತ್ತಾಯ್ತಾ?"

"ಟೀಚರಮ್ಮ ಹೇಳಿದ್ರು, ಈ ಅಂಗಡಿ ಎಲ್ಲಿದೆ ಅಂತಾನೂ. ಮನೆ ಇನ್ನೂ ಖಾಲಿ ಇದೆ." ಅವನು ಫ್ರೇಮ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. "ಜೊತೆಗೊಬ್ಬ ಗಂಡಸಿದ್ರೆ ಕೊಡ್ತಿದ್ದೆ ಅಂದ್ರು. ನಾವಿಬ್ರೂ ಮದುವೆ ಆಗ್ತೀವಿ ಅಂತ ಹೇಳೋಣ. ಸುಳ್ಳು ಹೇಳಿ ಅಂತಿಲ್ಲ. ನನಗೆ ಅದು ನಿಜ ಆದ್ರೂ ಸಂತೋಷವೇ."

ಹೊರಗೆ ಯಾರೋ ಗಿರಾಕಿ ಗಂಟಲು ಸರಿಮಾಡಿಕೊಂಡ. ಅವಳ ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ.

"ಬೇಡ," ಎಂದಳು. "ನಿಮ್ಮ ಮೇಲೆ ಕೋಪ ಅಲ್ಲ. ಬೇಡ."

ರಾತ್ರಿ ವಿಷಯ ಕೇಳಿದ ಅಕ್ಕನಿಗೆ ತಡೆಯಲಾಗಲಿಲ್ಲ. "ಒಳ್ಳೇವನ ಥರ ಕಾಣ್ತಾನೆ ಕಣೇ ಪುಟ್ಟಿ. ಒಪ್ಕೊಂಡ್ರೆ ಗಂಟೇನು ಹೋಗುತ್ತೆ? ನಿಮ್ಮ ಭಾವ ಏನೂ ಅನ್ನಲ್ಲ, ಆದ್ರೂ ಎಷ್ಟು ದಿನ ಹೀಗೆ?"

"ಒಬ್ಬನ ಹೆಂಡತಿ ಆಗಿದ್ದೆ ಅಂತ ಮನೆ ಹೋಯ್ತು. ಇನ್ನೊಬ್ಬನ ಹೆಂಡತಿ ಆಗ್ತೀನಿ ಅಂದ್ರೆ ಮನೆ ಸಿಗುತ್ತೆ. ಅವೆರಡರ ಮಧ್ಯೆ ನಾನೆಲ್ಲಿ ಇರ್ಲಿ ಅಕ್ಕ?"

ಅಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಿಸಿದಳು. ಮರುದಿನ ತಾನೇ ಅವಳನ್ನು ಹೆಂಗಸರ ಸಹಾಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಅಲ್ಲಿನ ಲಾಯರ್ ಅವಳಿಗಿಂತ ಚಿಕ್ಕವಳು. "ಹೊಡೆತ ತಿಂದವರು ಅನ್ನೋ ಕಾರಣಕ್ಕೆ ಮನೆ ಕೊಡಲ್ಲ ಅನ್ನೋ ಹಾಗಿಲ್ಲ. ಇದ್ದ ಮನೆ ಬಿಡಿಸೋ ಹಾಗೂ ಇಲ್ಲ. ಇಲ್ಲಿ ಅದಕ್ಕೆ ಕಾನೂನಿದೆ. ಆಗಲೇ ಯಾಕೆ ಬರಲಿಲ್ಲ ನೀವು?"

"ಹೋಗು ಅಂದ್ರು, ಹೋದೆ. ಹಾಗಂದ ತಕ್ಷಣ ಹೋಗೋದು ಅಭ್ಯಾಸ ಆಗಿತ್ತು."

ಲಾಯರ್ ಪೆನ್ನು ಕೆಳಗಿಟ್ಟಳು. "ನಡೀರಿ, ಟೀಚರಮ್ಮನ ಹತ್ರ ಮಾತಾಡೋಣ. ಮೊದಲು ಮಾತು, ಆಮೇಲೆ ಕೋರ್ಟು."

ಟೀಚರಮ್ಮ ಕಾನೂನಿನ ಮಾತನ್ನೆಲ್ಲ ಕೇಳಿಸಿಕೊಂಡರು. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. "ತಪ್ಪು ಅಂತ ನನಗೂ ಗೊತ್ತಮ್ಮ. ಆದ್ರೆ ನಾನೂ ಒಂಟಿ ಹೆಂಗಸು. ಅವನು ಬಂದು ಗೇಟ್ ಒದ್ರೆ ನಾನೇನು ಮಾಡ್ಲಿ?"

ಲಾಯರ್ ಬಾಯಿ ತೆರೆಯುವ ಮೊದಲೇ ಅವಳು ಉತ್ತರಿಸಿದಳು. ಯಾರದೋ ವಿಷಯ ಹೇಳುವಂಥ ಸಪ್ಪೆ ದನಿ.

"ಬರಬಹುದು. ಬರಲ್ಲ ಅಂತ ಸುಳ್ಳು ಹೇಳಲ್ಲ. ಕೈ ಮುರಿದ ಕೇಸಲ್ಲೇ, ಹತ್ರ ಬರಬಾರದು ಅಂತ ಕೋರ್ಟ್ ಆರ್ಡರ್ ಆಗಿದೆ. ಬಂದ್ರೆ ಪೊಲೀಸರನ್ನ ಕರೀತೀನಿ. ಆದ್ರೆ ಟೀಚರ್, ಒದೆ ತಿಂದವಳೂ ನಾನೇ, ಮನೆ ಬಿಡೋಳೂ ನಾನೇ ಅಂದ್ರೆ, ಅವನಿಗೇನಾಯ್ತು?"

ಟೀಚರಮ್ಮ ಎದ್ದು ಕಿಟಕಿಯಿಂದ ಗೇಟನ್ನು ನೋಡಿದರು. ಕಾನೂನಿಗೆ ಹೆದರಿದರೋ, ಆ ದನಿಗೆ ಸೋತರೋ, ಹೇಳಲಿಲ್ಲ.

"ಗೇಟಿಗೆ ಗಟ್ಟಿ ಬೀಗ ಹಾಕಿಸ್ತೀನಿ," ಎಂದರು ಕೊನೆಗೆ. "ಒಂದು ಕೀ ನಿನ್ನ ಹತ್ರಾನೂ ಇರ್ಲಿ. ಪೊಲೀಸ್ ನಂಬರ್ ನನಗೂ ದೊಡ್ಡದಾಗಿ ಬರೆದುಕೊಡು, ಚಿಕ್ಕ ಅಕ್ಷರ ಕಾಣಲ್ಲ."

ಅಗ್ರಿಮೆಂಟಿನಲ್ಲಿ ಅವಳದೊಂದೇ ಸಹಿ ಬಿತ್ತು.

ಮನೆಗೆ ಬಂದ ಮೊದಲ ರಜಾದಿನ ಕಿಟಕಿ ತೆರೆಯಲು ನೋಡಿದಳು. ಹೊಸ ಬಣ್ಣಕ್ಕೆ ಅಂಟಿಕೊಂಡಿತ್ತು. ಕೆಳಗಿನಿಂದ ಟೀಚರಮ್ಮ ಪೇಂಟರಿಗೆ ಫೋನ್ ಮಾಡಿದರು. ಮಧ್ಯಾಹ್ನ ಅವನು ಬಂದ. ಅಂಗಡಿಯ ಮಾತಿನ ಸುದ್ದಿ ಎತ್ತಲಿಲ್ಲ. ಮರಳು ಕಾಗದದಿಂದ ಚೌಕಟ್ಟನ್ನು ಮೆಲ್ಲಗೆ ಉಜ್ಜುತ್ತ ಕೂತ. ಅವಳು ಎದುರು ಗೋಡೆಗೊರಗಿ ನೆಲದ ಮೇಲೆ ಕೂತಳು. ಉಜ್ಜುವ ಸದ್ದು ಒಂದೇ ಸಮ ಬರುತ್ತಿತ್ತು.

ಕಣ್ಣು ಬಿಟ್ಟಾಗ ಕೋಣೆಯಲ್ಲಿ ಸಂಜೆಯ ಬೆಳಕು. ಕಿಟಕಿ ತೆರೆದಿತ್ತು. ಅವನಿರಲಿಲ್ಲ. ಬಾಗಿಲು ಮುಂದೆ ಮಾಡಿತ್ತು. ಎದ್ದು ಹೋಗಿ ತೆರೆದರೆ, ಅವನು ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದ.

"ಹೋಗಬಹುದಿತ್ತಲ್ಲ."

"ಹೊರಗಿಂದ ಬೀಗ ಹಾಕಿದ್ರೆ ಎದ್ದಾಗ ನೀವು ಹೆದರ್ತೀರ. ಹಾಕದೆ ಹೋದ್ರೆ ನಾನು ಹೆದರ್ತೀನಿ."

ಅವಳು ಅವನಿಗಿಂತ ಒಂದು ಮೆಟ್ಟಿಲು ಮೇಲೆ ಕೂತಳು. ಅವನ ಕಿವಿ ನಿಧಾನವಾಗಿ ಕೆಂಪಾಗುವುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

"ಅವತ್ತು ಹೇಳಿದ ಮಾತು..."

"ಮನೆಗೋಸ್ಕರ ಹಾಗೆ ಹೇಳಬಾರದಿತ್ತು," ಎಂದ ಅವನು. "ವಾಪಸ್ ತಗೊಂಡಿದ್ದೀನಿ."

"ಮನೆ ವಿಷಯ ಬಿಟ್ಟು ಹೇಳೋದಾದ್ರೆ?"

ಅವನು ತಿರುಗಲಿಲ್ಲ. "ಬಿಟ್ಟು ಹೇಳೋದಾದ್ರೆ, ನೀವಂದ್ರೆ ನನಗೆ ತುಂಬಾ ಇಷ್ಟ."

ಕೆಳಗೆ ಟೀಚರಮ್ಮನ ಕುಕ್ಕರ್ ಕೂಗಿ ಸುಮ್ಮನಾಯಿತು.

"ನನಗಿನ್ನೂ ಏನೂ ಸರಿಯಾಗಿ ಅನ್ನಿಸಲ್ಲ," ಎಂದಳು. "ಖುಷಿಯಾಗಬೇಕಾದಾಗ ಖುಷಿ ಆಗಲ್ಲ. ಅಳುನೂ ಬರಲ್ಲ. ಅಕ್ಕನ ಮನೇಲೂ, ಯಾರಾದ್ರೂ ಎದ್ದು ಓಡಾಡಿದ್ರೆ ನನಗೆ ನಿದ್ದೆ ಇಲ್ಲ. ಇವತ್ತು ನೀವು ಕೆಲಸ ಮಾಡ್ತಾ ಇದ್ದಾಗ್ಲೇ ಮಲಗಿಬಿಟ್ಟೆ. ಇದಕ್ಕೆ ಏನಂತಾರೋ ನನಗೆ ಗೊತ್ತಿಲ್ಲ. ಕಾಯೋಕಾಗುತ್ತಾ?"

"ಆಗುತ್ತೆ."

"ತುಂಬಾ ದಿನ ಆಗಬಹುದು."

"ಕೋಟ್ ಮೇಲೆ ಕೋಟ್ ಹೊಡೆಯೋನು ನಾನು. ಒಂದು ಒಣಗೋ ತನಕ ಇನ್ನೊಂದು ಹೊಡೆಯಲ್ಲ."

ಅವಳು ಕೈ ಚಾಚಿ ಅವನ ಕೈ ಹಿಡಿದಳು. ಒರಟು ಬೆರಳುಗಳು, ಉಗುರಿನ ಸಂದಿಯಲ್ಲಿ ಬಣ್ಣ, ಗಾಳಿಗೆ ಕೂತು ಕೂತು ಕೊರೆಯುವಷ್ಟು ತಣ್ಣಗಾಗಿದ್ದವು. ಆ ತಣುಪು ಅವಳಿಗೆ ಅಂಗೈಯಿಂದ ಮೊಣಕೈವರೆಗೆ ಸ್ಪಷ್ಟವಾಗಿ ಗೊತ್ತಾಯಿತು.

"ಎಷ್ಟು ತಣ್ಣಗಿದೆ ನಿಮ್ಮ ಕೈ," ಎಂದಳು, ಎದ್ದು ನಿಲ್ಲುತ್ತ, ಕೈ ಬಿಡದೆ. "ಒಳಗೆ ಬನ್ನಿ."