ಹಬ್ಬ ಕಳೆದ ಮೇಲೆ ಹೆಬ್ಬೆರಳು

"ಬಾಲ್ ತಂದಿದ್ದೀರಾ? ಆ ಮೇಜಿನ ಮೇಲೆ ಇಡಿ."

ಆ ದನಿ ಕೇಳಿದ್ದೇ ಮುನೀರಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಈ ದನಿ...!

ಲೇತ್ ಯಂತ್ರದ ಹಿಂದಿನಿಂದ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದವನು ತಲೆ ಎತ್ತಿದ. ಒರೆಸುವುದನ್ನೇ ಮರೆತು ನಿಂತ.

ಸಾಬಿತ್!

ಕಬಕದ ಈ ಪುಟ್ಟ ವರ್ಕ್‌ಶಾಪಿನಲ್ಲಿ, ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗಗಳ ನಡುವೆ, ಅವಳು ಜನ್ಮದಲ್ಲಿ ಮತ್ತೆ ನೋಡಬಾರದು ಅಂದುಕೊಂಡಿದ್ದ ಮುಖ. ನೋಡಬಾರದು ಅಂದುಕೊಂಡಿದ್ದಳು, ನಿಜ. ಮರೆತಿದ್ದಳಾ? ಅದು ಬೇರೆ ವಿಷಯ.

ಮುನೀರಾ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಊರವರ ಕೈಕಾಲು ಸರಿ ಮಾಡುವ ಕೆಲಸ. ಭಾನುವಾರ ಬಂತೆಂದರೆ ಮಂಗಳೂರಿಗೆ ಹೋಗಿ, ಭಾರದ ಬಾಲ್ ಉರುಳಿಸಿ ಸಾಲು ಗೂಟ ಬೀಳಿಸುವ ಬೌಲಿಂಗ್ ಆಡುತ್ತಿದ್ದಳು. ಅದು ಮಸ್ಕತ್‌ನಲ್ಲಿ ಬೆಳೆದಾಗ ಹತ್ತಿದ ಹುಚ್ಚು. ಉಪವಾಸದ ತಿಂಗಳು ಮುಗಿದು ಹಬ್ಬ ಕಳೆದ ಮೇಲೆ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಅದಕ್ಕೆಂದೇ ಹೊಸ ಬಾಲ್ ತರಿಸಿದ್ದಳು. ಹೊಸ ಬಾಲಿಗೆ ಬೆರಳು ಹಾಕುವ ತೂತು ಇರುವುದಿಲ್ಲ. ಆಡುವವರ ಕೈ ನೋಡಿಯೇ ಕೊರೆಯಬೇಕು.

"ಕಬಕದಲ್ಲಿ ಒಬ್ಬ ಉಂಟು, ಒಳ್ಳೆ ಕೆಲಸದವ" ಎಂದಿದ್ದರು ಅವಳ ತಂದೆ, ಬಾಪ ಸಾಹುಲ್ ಹಮೀದ್. ಹೆಸರು ಮಾತ್ರ ಹೇಳಿರಲಿಲ್ಲ. ಈಗ ಹೊರಗೆ ಕಾರಿನಲ್ಲಿ ಕುಳಿತು ಪತ್ರಿಕೆ ಓದುವ ನಾಟಕ ಬೇರೆ!

"ಹೇಗಿದ್ದೀರಿ?" ಸಾಬಿತ್ ಕೇಳಿದ.

"ಬಾಲ್ ನೋಡಿ" ಎಂದಳು.

ಅವನು ಬಾಲ್ ಎತ್ತಿಕೊಂಡ. ಕಡುನೀಲಿ ಬಾಲಿನ ಮೇಲೊಂದು ಬಿಳಿ ಚುಕ್ಕೆ. ಒಳಗಿನ ಭಾರದ ಗುಂಡಿನ ತಲೆ ಎಲ್ಲಿದೆ ಎಂದು ತೋರಿಸುವ ಆ ಚುಕ್ಕೆಗೆ ಪಿನ್ ಎನ್ನುತ್ತಾರೆ. ಬೆರಳಿನ ತೂತುಗಳು ಅದರಿಂದ ಎಷ್ಟು ದೂರ, ಯಾವ ಕಡೆ ಎಂಬುದರ ಮೇಲೆ ಬಾಲಿನ ನಡೆ ನಿಂತಿರುತ್ತದೆ.

"ಪಿನ್ ಎಲ್ಲಿ ಬರಬೇಕು?"

"ಬೆರಳುಗಳ ಮೇಲೆ. ಕೊನೆಗೆ ಜೋರು ತಿರುಗಬೇಕು."

"ಕೆಳಗೆ ಇಡುವ. ಮೆಲ್ಲ ತಿರುಗುತ್ತದೆ, ಆದರೆ ನಂಬಬಹುದು."

*ನಂಬಬಹುದಂತೆ! ಯಾರು ಹೇಳುದು ನೋಡಿ...*

"ಫಿನಿಶ್ ಎಂತ ಮಾಡುದು? ಪಾಲಿಶ್ ಹೊಡೆಯುವುದಾ?"

"ಬೇಡ. ಬೆಂಗಳೂರಿನಲ್ಲಿ ಬಾಲ್ ಉರುಳುವ ಲೇನಿಗೆ ಆಗಷ್ಟೇ ಎಣ್ಣೆ ಹಾಕಿರುತ್ತಾರೆ. ಪಾಲಿಶ್ ಬಾಲ್ ಕೊನೆಯವರೆಗೆ ಜಾರಿಕೊಂಡೇ ಹೋಗುದು. ಮೇಲ್ಮೈ ಉಜ್ಜಿ ತರಿ ಮಾಡಿ."

ಅವನು ನಕ್ಕ. "ಅದು ಸರಿ. ನನಗೆ ಹೊಳೆಯಲಿಲ್ಲ."

ಆ ನಗು! ಥಟ್ಟನೆ ಮಸ್ಕತ್‌ನ ಆ ಸಂಜೆಗಳು ಕಣ್ಣೆದುರು ಬಂದವು... ಎಸಿಯ ಚಳಿ, ದೂರದಲ್ಲಿ ದಡಬಡ ಬೀಳುವ ಗೂಟಗಳು, ಕೊರೆದ ಬಾಲಿನ ಪುಡಿಯ ಆ ಸುಟ್ಟ ವಾಸನೆ, ಕಾಗದದ ಲೋಟದಲ್ಲಿ ಏಲಕ್ಕಿ ಚಹಾ. ಬೌಲಿಂಗ್ ಕೇಂದ್ರದ ಮೂಲೆಯ ಅಂಗಡಿಯಲ್ಲಿ ಈ ಸಾಬಿತ್. ಊರಿನವನು ಎಂದು ಬಾಪನಿಗೆ ಅವನ ಮೇಲೆ ಅಕ್ಕರೆ. ಅಳತೆ ತೆಗೆಯುವಾಗ ಅವನು ಅವಳ ಕೈ ಮುಟ್ಟುತ್ತಿರಲಿಲ್ಲ. ಅಳತೆಪಟ್ಟಿಯನ್ನು ಅವಳಿಗೇ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಅವಳು ಅಳತೆ ಓದುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಬಾಪ ಪಕ್ಕದಲ್ಲಿ ಕುಳಿತು ತೂಕಡಿಸುತ್ತಿದ್ದರು. ಗೋಡೆ ನೋಡುತ್ತಾ ನಿಂತವನ ಕಿವಿ ಕೆಂಪಾಗುವುದನ್ನು ನೋಡಿಯೇ ಅವಳು ಮನಸ್ಸು ಸೋತಿದ್ದಳು.

ಆಮೇಲೆ ಅಲ್ಲಿನ ಟೂರ್ನಿಯ ಆ ಫೈನಲ್. ಕೊನೆಯ ಎಸೆತದಲ್ಲಿ ಹೆಬ್ಬೆರಳು ತೂತಿನೊಳಗೇ ಸಿಕ್ಕಿಕೊಂಡಿತು. ಬಾಲ್ ಅವಳನ್ನೇ ಎಳೆದು ನೆಲಕ್ಕೆ ಕೆಡವಿ ಲೇನಿನ ಪಕ್ಕದ ಚರಂಡಿಗೆ ಉರುಳಿತು. ಸುತ್ತಲಿದ್ದವರೆಲ್ಲ ನಕ್ಕರು. ಅವಳು ಎದ್ದವಳೇ ಎಲ್ಲರೆದುರು ಸಾಬಿತ್‌ನ ಮೇಲೆ ಕಿರುಚಿದ್ದಳು: "ಒಂದು ತೂತು ಸರಿಯಾಗಿ ಕೊರೆಯಲಿಕ್ಕೆ ಬರುದಿಲ್ವಾ? ಇನ್ನು ನಿಮ್ಮ ಮುಖ ತೋರಿಸಬೇಡಿ!"

ಅವನು ತೋರಿಸಲೇ ಇಲ್ಲ. ಎಷ್ಟೋ ದಿನ ಅವಳು ದಾರಿ ನೋಡಿದಳು. ಆಮೇಲೆ ಅವಳ ಮನೆಯವರು ಊರಿಗೇ ಬಂದುಬಿಟ್ಟರು.

"ಎರಡು ಬೆರಳಿನ ಅಳತೆ ಈಗ ಕೊಡಿ" ಸಾಬಿತ್‌ನ ಮಾತು ಅವಳನ್ನು ಕಬಕಕ್ಕೆ ಎಳೆದು ತಂದಿತು. "ಹೆಬ್ಬೆರಳಿನದ್ದು ಪೆರ್ನಾಲ್ ಹಬ್ಬ ಕಳೆದ ಮೇಲೆ."

"ಯಾಕೆ? ಇವತ್ತು ಎಂತ ಆಗಿದೆ?"

"ಈಗ ಬೇಡ. ನೀವು ನೋಂಬು ಹಿಡಿದು ಉಪವಾಸ ಇದ್ದೀರಿ, ಅದಕ್ಕೆ..."

"ನೋಂಬು ಹಿಡಿದವರು ಕೆಲಸ ಮಾಡುದಿಲ್ವಾ? ನಾನು ಆಸ್ಪತ್ರೆಗೆ ಹೋಗುದಿಲ್ವಾ?" ಅವಳಿಗೆ ರೇಗಿಹೋಯಿತು. "ಹಬ್ಬಕ್ಕೂ ಆಯ್ಕೆಗೂ ನಡುವೆ ನಾಲ್ಕು ದಿನವೂ ಇಲ್ಲ! ಆಗಲೂ ತಪ್ಪಿಸಿಕೊಂಡಿರಿ, ಈಗಲೂ ತಪ್ಪಿಸಿಕೊಳ್ಳುದು!"

"ಮುನೀರಾ, ಒಂದು ಮಾತು ಕೇಳಿ..."

ಕೇಳುವ ತಾಳ್ಮೆ ಇದ್ದಿದ್ದರೆ ಅವಳು ಮುನೀರಾ ಯಾಕಾಗುತ್ತಿದ್ದಳು? ಬಾಲನ್ನು ಚೀಲಕ್ಕೆ ತುರುಕಿ ಕಾರಿನ ಬಾಗಿಲು ದಡಾರನೆ ಹಾಕಿದಳು.

"ಆಯ್ತಾ?" ಬಾಪ ಪತ್ರಿಕೆಯಿಂದ ತಲೆ ಎತ್ತದೆ ಕೇಳಿದರು.

"ಮನೆಗೆ ಹೋಗುವ!"

ಮನೆಗೆ ಬಂದು ಇಳಿಹೊತ್ತಿನ ಅಸರ್ ನಮಾಜಿಗೆಂದು ಕೈ ತೊಳೆಯುವಾಗ ಹೆತ್ತ ಉಮ್ಮ ಕೊಟ್ಟಿದ್ದ ಬೆಳ್ಳಿಯ ಉಂಗುರ ತಾನಾಗಿ ಜಾರಿ ಬೇಸಿನ್ನಿಗೆ ಬಿತ್ತು. ಎತ್ತಿ ಹಾಕಿಕೊಂಡಳು. ಮರುದಿನವೂ ಜಾರಿತು. ನೀರಿಲ್ಲದ ಬೇಸಿಗೆಯ ಉಪವಾಸ, ಬೆರಳು ಸಪೂರ ಆಗಿದೆ ಎಂದುಕೊಂಡು ಸುಮ್ಮನಾದಳು. ಮನಸ್ಸು ಮಾತ್ರ ಸುಮ್ಮನಾಗಲಿಲ್ಲ. ಕೊರೆಯದ ಬಾಲ್ ಕಪಾಟಿನಲ್ಲಿ ಕುಳಿತು ಅವಳನ್ನೇ ನೋಡುತ್ತಿತ್ತು.

ಹಬ್ಬ ಬಂತು. ಮದರಂಗಿ, ಹೊಸ ಬಟ್ಟೆ, ಬಂಧುಗಳ ಮನೆ, ಎರಡೆರಡು ಕಡೆ ಬಿರಿಯಾನಿ. ಸಂಜೆ ಪಾತ್ರೆ ತೊಳೆಯಲು ನಿಂತವಳು ಉಂಗುರ ತೆಗೆಯಲು ನೋಡಿದಳು. ಬರಲಿಲ್ಲ. ಸೋಪು ಹಚ್ಚಿದಳು. ಊಹೂಂ, ಬರಲೇ ಇಲ್ಲ!

ಉಂಡು ಕುಡಿದು ಊದಿ ಉಂಗುರದಲ್ಲಿ ಸಿಕ್ಕಿಕೊಂಡ ಬೆರಳನ್ನೇ ನೋಡುತ್ತಾ ನಿಂತಳು...

ಮಸ್ಕತ್‌ನಲ್ಲಿ ಹೆಬ್ಬೆರಳಿನ ಅಳತೆ ಕೊಟ್ಟದ್ದು ಯಾವಾಗ? ಉಪವಾಸದ ಮಧ್ಯಾಹ್ನ. ಅಭ್ಯಾಸ ಮಾಡಿದ್ದೂ ಉಪವಾಸದಲ್ಲೇ. ಆಗ ಬಾಲ್ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಫೈನಲ್ ನಡೆದದ್ದು? ಹಬ್ಬದ ಮಾರನೆಯ ದಿನ!

"ಯಾ ಅಲ್ಲಾಹ್..." ದಿನವಿಡೀ ಜನರ ಬೆರಳು ಮಣಿಕಟ್ಟು ತಿದ್ದುವವಳಿಗೆ ತನ್ನದೇ ಬೆರಳು ಇಷ್ಟು ವರ್ಷ ಅರ್ಥವಾಗಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಅತ್ತೇಬಿಟ್ಟಳು.

ಮರುದಿನ ಬೆಳಿಗ್ಗೆ ಕಬಕದ ವರ್ಕ್‌ಶಾಪಿನ ಬಾಗಿಲು ತೆರೆದೇ ಇತ್ತು. ಹಬ್ಬಕ್ಕೆ ಎಲ್ಲರೂ ಅಂಗಡಿ ಮುಚ್ಚಿದ್ದರು, ಅವನು ಮಾತ್ರ ಮುಚ್ಚಿರಲಿಲ್ಲ.

"ಬರ್ತೀರೋ ಇಲ್ವೋ ಅಂತ ಗೊತ್ತಿರಲಿಲ್ಲ" ಎಂದ.

"ನೋಂಬಿನಲ್ಲಿ ಬೆರಳು ಸಪೂರ ಆಗುದು ನಿಮಗೆ ಆಗಲೇ ಗೊತ್ತಿತ್ತಾ?"

"ಇಲ್ಲ. ಆ ದಿನ ನನಗೂ ಅರ್ಥವಾಗಿರಲಿಲ್ಲ. ನಾನೂ ನೋಂಬಿನಲ್ಲೇ ಅಳತೆ ಬರೆದುಕೊಂಡವ ಅಲ್ವಾ? ಮರುವರ್ಷ ಇನ್ನೊಬ್ಬರ ಬಾಲಿಗೂ ಹಾಗೇ ಆಯ್ತು, ಆಗ ಹೊಳೆಯಿತು. ಹೇಳಲಿಕ್ಕೆ ನಿಮ್ಮ ಮನೆಗೆ ಬಂದೆ. ಬೀಗ ಇತ್ತು."

"ಅದಕ್ಕಿಂತ ಮೊದಲೇ ಯಾಕೆ ಬರಲಿಲ್ಲ?"

"ಮುಖ ತೋರಿಸಬೇಡಿ ಅಂದಿದ್ರಿ."

"ಹೇಳಿದ ಕೂಡಲೇ ಕೇಳುದಾ ಮಾರಾಯ್ರೆ?!" ಅವಳು ಬಾಲಿನ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಬಂದು ಜಗಳ ಮಾಡಬೇಕಿತ್ತು! ನಾನು... ನಾನು ಎಷ್ಟು ಕಾದೆ ಗೊತ್ತುಂಟಾ?"

ಸಾಬಿತ್ ಮೇಲಿನ ಹಲಗೆಯಿಂದ ಬಟ್ಟೆ ಸುತ್ತಿದ ಏನನ್ನೋ ಇಳಿಸಿ ಮೇಜಿನ ಮೇಲಿಟ್ಟ. ಬಟ್ಟೆ ಸರಿಸಿದಾಗ ಮುನೀರಾ ಬಾಗಿ ನೋಡಿದಳು.

ಅವಳದೇ ಕೆಂಪು ಬಾಲ್! ಆ ದಿನ ಚರಂಡಿಯಲ್ಲಿ ಬಿಟ್ಟು ಬಂದದ್ದು.

"ಬರುವಾಗ ಏರ್‌ಪೋರ್ಟ್‌ನಲ್ಲಿ ತೂಕ ಜಾಸ್ತಿ ಆಯ್ತು" ಎಂದ ಮೆಲ್ಲಗೆ. "ಬಟ್ಟೆಬರೆ, ಖರ್ಜೂರ ಎಲ್ಲ ಅಲ್ಲೇ ಬಿಟ್ಟು ಇದನ್ನು ತಂದೆ. ಹೆಬ್ಬೆರಳಿನ ತೂತು ಸ್ವಲ್ಪ ದೊಡ್ಡದು ಮಾಡಿದ್ದೇನೆ. ಅಂದಾಜಿನಲ್ಲಿ."

ಅವಳು ತೂತಿಗೆ ಹೆಬ್ಬೆರಳು ಹಾಕಿದಳು. ಎಲ್ಲೂ ತಡೆಯಲಿಲ್ಲ, ಸಡಿಲವೂ ಆಗಲಿಲ್ಲ.

ಮದರಂಗಿಯ ಕೈಯ ಮೇಲೆ ಕಣ್ಣೀರು ತೊಟತೊಟ ಬಿತ್ತು.

"ಬಾಪನಿಗೆ ಎಲ್ಲ ಗೊತ್ತುಂಟಾ?"

"ಕಬಕದ ಮಸೀದಿಯಲ್ಲಿ ಸಿಕ್ಕಿದ್ರು. ಎಲ್ಲ ಹೇಳಿದೆ... ಎಲ್ಲವನ್ನೂ." ಅವನ ಕಿವಿ ಕೆಂಪಾಯಿತು. "ಅವಳು ಒಪ್ಪಿದರೆ ನಂದೇನೂ ಅಡ್ಡಿಯಿಲ್ಲ ಅಂದ್ರು. ನಾನು ಹೇಳುದಿಲ್ಲ, ನೀನೇ ಕೇಳು ಅಂದ್ರು."

"ಹಾಗಾದರೆ ಕೇಳಿ!"

"ಒಪ್ಪಿಗೆಯಾ, ಮುನೀರಾ?"

ಎಷ್ಟೋ ಮದುವೆ ಪ್ರಸ್ತಾಪಗಳಿಗೆ ಬೇಡ ಎಂದವಳು ಅವಳು. ಈಗ ತಲೆ ತಗ್ಗಿಸಿ ಚೀಲದಿಂದ ನೀಲಿ ಬಾಲನ್ನು ತೆಗೆದು ಅವನ ಕಡೆ ತಳ್ಳಿದಳು.

"ಪಿನ್ ನೀವು ಹೇಳಿದ ಹಾಗೆ ಕೆಳಗೇ ಇರಲಿ. ಮೆಲ್ಲ ತಿರುಗಲಿ... ನಂಬಬಹುದು ಅಂದ್ರಲ್ಲ."

"ಮೇಲ್ಮೈ?"

"ತರಿ. ಅದು ನಾನು ಹೇಳಿದ ಹಾಗೆ!"

"ಅದನ್ನು ನಾಳೆ ಬೇಕಾದರೂ ಬದಲಿಸಬಹುದು. ತೂತು ಹಾಗಲ್ಲ" ಎಂದು ಸಾಬಿತ್ ನಕ್ಕ. ಅಳತೆಪಟ್ಟಿಯನ್ನು ಅವಳ ಮುಂದಿಟ್ಟು, ಮೊದಲಿನ ಹಾಗೇ ಗೋಡೆಯ ಕಡೆ ತಿರುಗಿ ನಿಂತ. "ಓದಿ."

ಮುನೀರಾ ಕಣ್ಣೊರೆಸಿಕೊಂಡು ಹೆಬ್ಬೆರಳಿನ ಅಳತೆ ಓದಿದಳು. ಅವನು ಬರೆದುಕೊಂಡ.

"ಮುಂದಿನ ಬಾಲಿಗಾದರೂ ಅಳತೆ ನಾನೇ ತೆಗೆಯಬಹುದಾ?" ಗೋಡೆಯನ್ನೇ ಕೇಳುವವನಂತೆ ಕೇಳಿದ.

"ನಿಕಾಹ್ ಆಗಲಿ" ಎಂದಳು ಮುನೀರಾ. "ಆಮೇಲೆ ನೋಂಬಿನಲ್ಲಿ ಒಮ್ಮೆ, ಪೆರ್ನಾಲ್‌ಗೆ ಒಮ್ಮೆ... ವರ್ಷ ವರ್ಷ ನೀವೇ ತೆಗೆಯಿರಿ."