ಮೂಟೆಯಲ್ಲಿ ಬಂದ ಕಪ್ಪು ಹೊಟ್ಟು

ಬೆಳಿಗ್ಗೆಯಷ್ಟೇ ಬಡಗಿ ಲಾಯದಲ್ಲಿ ಇಳಿಸಿಹೋಗಿದ್ದ ಮೂಟೆಯನ್ನು ಅವಳು ಅವನ ಅಂಗಡಿಗೇ ಹೊತ್ತು ತಂದು, ಅವನ ಕಾಲ ಬಳಿ ದೊಪ್ಪನೆ ಹಾಕಿದಳು.

"ಇದು ವಾಪಸ್. ಇನ್ಮೇಲೆ ನಿಮ್ಮ ಮರದ ಹೊಟ್ಟು ನಮ್ಮ ಲಾಯಕ್ಕೆ ಬೇಡ."

ಎಂಟು ಕುದುರೆಗಳ ಲಾಯ ಅವಳದು. ಹುಲ್ಲು ಹಾಸಿದರೆ ಆ ಧೂಳಿಗೆ, ಎಲ್ಲರೂ ಅಜ್ಜಿ ಎಂದು ಕರೆಯುವ ಮುದಿ ಹೆಣ್ಣುಕುದುರೆ ಕೆಮ್ಮುತ್ತಿತ್ತು. ಅದಕ್ಕೇ ಆರು ತಿಂಗಳಿಂದ ಬಡಗಿ ಪ್ರತಿ ಸೋಮವಾರ ಹುಲ್ಲಿನ ಬದಲು ಹಾಸಲು ಪೈನ್ ಮರದ ಹೊಟ್ಟನ್ನು ಜರಡಿ ಹಿಡಿದು ತಂದುಕೊಡುತ್ತಿದ್ದ. ಅಜ್ಜಿಯ ಕೆಮ್ಮು ನಿಂತಿತ್ತು. ಸೋಮವಾರ ಬಂತೆಂದರೆ ಇವಳ ಎದೆಬಡಿತ ಮಾತ್ರ ಜೋರಾಗುತ್ತಿತ್ತು. ಹೊಟ್ಟು ಬೇಡವೆಂದರೆ ಆ ಸೋಮವಾರಗಳೂ ಹೋದಂತೆಯೇ. ಹೋಗಲಿ, ಕುದುರೆಯ ವಿಷಯದಲ್ಲಿ ಅವಳು ಯಾರ ಮುಲಾಜಿಗೂ ಬೀಳುವವಳಲ್ಲ.

"ಏನಾಯ್ತು ಅಂತನಾದ್ರೂ ಹೇಳಿ," ಎಂದ ಬಡಗಿ.

ಅವಳು ಒಂದು ಹಿಡಿ ಹೊಟ್ಟನ್ನು ಅವನ ಅಂಗೈಗೆ ಸುರಿದಳು. ತಿಳಿ ಹಳದಿ ಚೂರುಗಳ ನಡುವೆ ಚಾಕಲೇಟ್ ಬಣ್ಣದ ನಾಲ್ಕಾರು ಸುರುಳಿಗಳಿದ್ದವು.

"ಕಪ್ಪು ವಾಲ್ನಟ್ ಮರದ್ದು. ಒಂದು ದಿನ ಇದರ ಮೇಲೆ ನಿಂತ್ರೆ ಸಾಕು, ಕಾಲು ಬಾತು ಕುದುರೆಗೆ ಗೊರಸು ಊರೋಕಾಗಲ್ಲ. ಹಾಸೋ ಮುಂಚೆ ನೋಡಿದ್ದಕ್ಕೆ ಅಜ್ಜಿ ಬಚಾವ್. ಪೈನ್ ಬಿಟ್ಟು ಬೇರೆ ಮರ ಮುಟ್ಟಲ್ಲ ಅಂದಿದ್ರಲ್ಲ?"

ಅವನ ಮುಖ ಬಿಳಿಚಿಕೊಂಡಿತು. "ನಂಗೊತ್ತಿರ್ಲಿಲ್ಲ, ದೇವರಾಣೆ. ತಪ್ಪಾಯ್ತು." ಆಮೇಲೆ ಕಿವಿ ಕೆಂಪಾದವು. "ಮುಟ್ಟಿದ್ದು ಇದೊಂದಕ್ಕೇ."

ಅವನು ಮೂಲೆಯ ಬಟ್ಟೆ ಸರಿಸಿದ. ಅಲ್ಲಿ ಅದೇ ಕಪ್ಪು ಮರದ ಅಗಲವಾದ ಕುರ್ಚಿಯೊಂದಿತ್ತು.

"ಯಾವಾಗ ನೋಡಿದ್ರೂ ಬೋರಲು ಹಾಕಿದ ಬಕೆಟ್ ಮೇಲೆ ಕೂತು ಟೀ ಕುಡೀತೀರಿ. ನನ್ನ ಕೈಲಿ ನೋಡೋಕಾಗ್ಲಿಲ್ಲ."

ಅವಳ ಸಿಟ್ಟು ಜರ್ರನೆ ಇಳಿಯಿತು. ಈ ಮನುಷ್ಯ ತನಗೆ ಬೇಕು ಎನ್ನುವುದರಲ್ಲಿ ಅನುಮಾನವೇ ಉಳಿಯಲಿಲ್ಲ. ನಾಚಿಕೊಂಡು ನಿಲ್ಲುವುದು ಅವಳ ಜಾಯಮಾನವಲ್ಲ. ನೇರ ಹೋಗಿ ಕೂತು, ಬೆನ್ನು ಒರಗಿಸಿದಳು. ಬಟ್ಟೆಯ ಹಿಂದೆ ಇನ್ನೊಂದು ಕುರ್ಚಿಯ ಕಾಲುಗಳು ಕಂಡವು.

"ಅದು ಯಾರಿಗೆ?"

"ನೀವು ಹ್ಞೂಂ ಅಂದ್ರೆ... ನಂಗೆ."

ಅವಳು ಎದ್ದು ಬಂದು, ಅವನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಂದು ಕಪ್ಪು ಸುರುಳಿಯನ್ನು ನಿಧಾನವಾಗಿ ಬಿಡಿಸಿ ತೆಗೆದಳು.

"ಮೊದಲು ಅಂಗಡಿ ಗುಡಿಸಿ. ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ. ಈ ಹೊಟ್ಟಿನ ಒಂದು ಚೂರೂ ಲಾಯಕ್ಕೆ ಬರಕೂಡದು," ಎಂದಳು. "ಆಮೇಲೆ ಎರಡೂ ಕುರ್ಚಿ ಚೆನ್ನಾಗಿ ಒರೆಸಿ ತಗೊಂಡು ಇವತ್ತೇ ಬನ್ನಿ. ಇನ್ನೊಂದು ಸೋಮವಾರದ ತನಕ ಕಾಯೋಕೆ ನನ್ನ ಕೈಲಾಗಲ್ಲ."