ಕಾಣೆಯಾದ ಕಾಗದದ ಹಕ್ಕಿಗಳು

ಬ್ಯಾಗು ಹೆಗಲಿನಿಂದ ಇಳಿಸುವ ಮೊದಲೇ ಏನೋ ಸರಿಯಿಲ್ಲ ಅನ್ನಿಸಿತು. ಕತ್ತರಿಯ ಸದ್ದಿಲ್ಲ. ರೇಡಿಯೊ ಇಲ್ಲ. ಬೆಳಗಾದರೆ ಗೊಣಗದೆ ಇರಲಾರದ ಬ್ಲೇಡ್ ಮಾಮನ ಗೊಣಗಾಟವೂ ಇಲ್ಲ.

ಒಳಗೆ ಕಾಲಿಟ್ಟೆ. ಕೋಣೆಯ ನಡುವೆ ನಿಂತಿರಬೇಕಾಗಿದ್ದ ನಮ್ಮ ಕಾಗದದ ಹೃದಯ ನೆಲದಲ್ಲಿ ಬಿದ್ದಿತ್ತು. ತಂತಿ ತುಂಡಾಗಿ ಸೊಟ್ಟಗಾಗಿತ್ತು. ಗುಲಾಬಿಗಳು ಅರ್ಧರ್ಧ ಕತ್ತರಿಸಿಹೋಗಿದ್ದವು. ಜಾಲರಿ ಕಾಗದ ಸೀಳುಸೀಳು. ಆ ರಾಶಿಯ ಮೇಲೆ ಬಾಯಿ ತೆರೆದುಕೊಂಡು ಬಿದ್ದ ಒಂದು ಕತ್ತರಿ.

ಹಿಡಿಗೆ ನೀಲಿ ದಾರ ಸುತ್ತಿದ ಕತ್ತರಿ. ನನ್ನದು.

"ಬಾ," ಅಂದರು ಅಕ್ಕ. "ನಿನಗೇ ಕಾಯ್ತಿದ್ವಿ."

ಅಕ್ಕ ಅಂದರೆ ನಮ್ಮ ಯಜಮಾನಿ. ಕೈಯಲ್ಲೇ ಕಾರ್ಡು ಮಾಡುವ ಈ ಕಾರ್ಖಾನೆ ಅವರದು. ಕಾರ್ಖಾನೆ ಅಂದರೆ ಒಂದು ಕೋಣೆ, ಮೂರು ಮೇಜು, ಅಷ್ಟೇ. ಪ್ರೇಮಿಗಳ ದಿನ ಹತ್ತಿರವಾದರೆ ನಮ್ಮ ತಲೆಗೂದಲಲ್ಲಿ, ಮಕ್ಕಳ ಹಾಸಿಗೆಯಲ್ಲಿ, ಊಟದ ತಟ್ಟೆಯಲ್ಲಿ ಎಲ್ಲಾ ಕಡೆ ಮಿಂಚುಪುಡಿಯೇ. ಅಂಗೈಯಗಲದ ಕಾರ್ಡು ಮಾಡುವ ನಮಗೆ ಈ ಸಲ ದೊಡ್ಡ ಕೆಲಸವೊಂದು ಬಂದಿತ್ತು. ಒಂದು ಹೋಟೆಲಿಗೆ ಕಾಗದದ ಹೃದಯ. ಜೋಡಿಗಳು ಅದರೊಳಗೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಗೂಡಿನ ಹಾಗೆ ಅಷ್ಟು ಅಗಲ, ಅಷ್ಟು ಆಳ. ಕ್ರೇಪ್ ಕಾಗದದ ಗುಲಾಬಿಗಳು ನನ್ನವು. ಜಾಲರಿಯನ್ನು ಬ್ಲೇಡಿನಿಂದ ಕೊರೆದವರು ಮಾಮ. ನೆತ್ತಿಯ ಮೇಲೆ ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಎರಡು ಬಿಳಿ ಹಕ್ಕಿಗಳು ಅಕ್ಕನ ಕೈಯವು. ಇವತ್ತು ಸಂಜೆಗೆ ಅದು ಹೋಟೆಲು ಸೇರಬೇಕಿತ್ತು.

"ನಿನ್ನೆ ಕೊನೆಗೆ ಹೋದವಳು ಯಾರು?" ಅಕ್ಕ ಕೇಳಿದರು. ಮೂಲೆಯ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು.

"ನಾನು."

"ಬೀಗ ಹಾಕಿದ್ದು?"

"ನಾನೇ. ಆದರೆ ಅಕ್ಕಾ—"

"ಬೀಗ ಒಡೆದಿಲ್ಲ. ಕಿಟಕಿ ಸರಳು ಬಗ್ಗಿಲ್ಲ. ಬೀಗದ ಕೈ ಒಂದು ನನ್ನ ಹತ್ರ, ಒಂದು ನಿನ್ನ ಹತ್ರ. ಕತ್ತರಿ ನಿಂದು. ಮಗನ ಶಾಲೆ ಕಾರ್ಯಕ್ರಮಕ್ಕೆ ರಜೆ ಕೊಡಲಿಲ್ಲ ಅಂತ ವಾರದಿಂದ ಮುಖ ಊದಿಸ್ಕೊಂಡು ಓಡಾಡ್ತಿದ್ದೆ. ನನ್ನ ಹಕ್ಕಿಗಳಂತೂ ಕಾಣೆಯೇ. ಅವನ್ನ ಎಲ್ಲಿಟ್ಟಿದೀಯ?"

"ನನ್ನ ಗುಲಾಬಿನ ನಾನೇ ಕತ್ತರಿಸ್ತೀನಾ ಅಕ್ಕ?"

"ಸಿಟ್ಟು ಬಂದವರು ಏನು ಬೇಕಾದ್ರೂ ಮಾಡ್ತಾರೆ."

ಅಕ್ಕನ ತಮ್ಮ ಮೇಜಿನ ಅಂಚಿಗೆ ಒರಗಿ ಮೊಬೈಲು ನೋಡುತ್ತಿದ್ದ. ತಲೆ ಎತ್ತದೆಯೇ ಹೇಳಿದ: "ಹೋಟೆಲಿನವರಿಗೆ ಫೋನ್ ಆಗಿದೆ. ಕೆಲಸದವಳು ಹಾಳು ಮಾಡಿಬಿಟ್ಟಳು ಅಂತ ಅಕ್ಕ ಹೇಳಿಯೂ ಆಯ್ತು."

ಮನೆಯವರು ಕಾಲು ಮುರಿದುಕೊಂಡು ಮಲಗಿದ ಮೇಲೆ ಸಂಸಾರ ಸಾಗುತ್ತಿದ್ದುದು ಈ ಕತ್ತರಿಯಿಂದ. ಇದು ಬಹಳ ಚಿಕ್ಕ ಕಸುಬು. ಕಾರ್ಡು ಮಾಡುವವರು, ಕೊಳ್ಳುವವರು, ಎಲ್ಲರೂ ಒಬ್ಬರಿಗೊಬ್ಬರು ಗೊತ್ತು. ಹಾಳುಗೆಡವಿದವಳು, ಕದ್ದವಳು ಅಂತ ಒಮ್ಮೆ ಹೆಸರು ಬಂದರೆ ನನ್ನ ಕೈಗೆ ಇನ್ನು ಯಾರೂ ಕಾಗದ ಕೊಡುವುದಿಲ್ಲ.

"ಡಬ್ಬಿ ಮನೇಲೇ ಬಿಟ್ಟು ಬಂದಿದ್ದೀಯ."

ತಿರುಗಿ ನೋಡಿದೆ. ಬಾಗಿಲಲ್ಲಿ ನಮ್ಮ ಅತ್ತೆ, ಕೈಯಲ್ಲಿ ನನ್ನ ಊಟದ ಡಬ್ಬಿ.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ನಿವೃತ್ತಿಯಾಗುವವರೆಗೂ ಅವರ ಕೆಲಸ ಪರೀಕ್ಷೆಯ ಕೊಠಡಿಗಳಲ್ಲಿ ಮೇಲ್ವಿಚಾರಣೆ, ಅಂದರೆ ಕಾಪಿ ಹೊಡೆಯುವವರನ್ನು ಹಿಡಿಯುವುದು. ಮಕ್ಕಳು ಅವರಿಗೆ 'ಸಿಸಿಟಿವಿ' ಅಂತ ಹೆಸರಿಟ್ಟಿದ್ದರಂತೆ. ಈಗ ಆ ಕಣ್ಣು ಪೂರ್ತಿ ನನ್ನ ಮೇಲೆ. ಇನ್ನೊಂದು ವಿಷಯ: ಕೆಲವು ದಿನಗಳಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ಅವರು ನನ್ನ ಈ ಕತ್ತರಿಯಿಂದ ಹಾಲಿನ ಪ್ಯಾಕೆಟ್ಟು ಕತ್ತರಿಸಿದ್ದರು. ನಾನು ಕೂಗಾಡಿದ್ದೆ. ಅವರು ಊಟ ಬಿಟ್ಟಿದ್ದರು.

ಅತ್ತೆ ನೆಲ ನೋಡಿದರು. ಕತ್ತರಿ ನೋಡಿದರು. ನನ್ನ ಮುಖ ನೋಡಿದರು.

"ಇದೇನು?"

ಅಕ್ಕ ಎಲ್ಲವನ್ನೂ ಒಪ್ಪಿಸಿದರು. ಅತ್ತೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು.

"ನಾನು ಒಂದೆರಡು ಮಾತು ಕೇಳಬಹುದಾ?"

"ಇದು ಪರೀಕ್ಷೆ ಹಾಲ್ ಅಲ್ಲ ಅಮ್ಮ," ಅಂದ ಅಕ್ಕನ ತಮ್ಮ.

"ಗೊತ್ತಪ್ಪ. ಆಗಿದ್ರೆ ನಿನ್ನನ್ನ ಆಗಲೇ ಮುಂದಿನ ಬೆಂಚಿಗೆ ಕರೆದಿರ್ತಿದ್ದೆ. ಆ ಮೊಬೈಲು ಒಳಗಿಡು. ಈ ಕೋಣೆ ಖಾಲಿಯಾದ್ರೆ ನಿನಗೆ ಬೇಸರವಾ, ಸಂತೋಷವಾ?"

ಅವನು ಅಕ್ಕನ ಕಡೆ ನೋಡಿದ. "ಸುಳ್ಳು ಯಾಕೆ ಹೇಳಲಿ. ಇಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಬೇಕು ಅಂತ ಆಸೆ ಇದೆ. ಹಾಗಂತ ಇದನ್ನ ನಾನು ಮಾಡ್ಲಿಲ್ಲ. ಹೋಟೆಲಿನ ಕೆಲಸ ಹಿಡಿದು ತಂದವನೇ ನಾನು."

"ಅಳತೆ ತಂದವನೂ ನೀನೇನಾ?"

"ಅಯ್ಯೋ, ಇಲ್ಲ. ಅಳತೆ ಎಲ್ಲಾ ಅಕ್ಕಂದೇ. ಟೇಪು ಯಾರ ಕೈಗೂ ಕೊಡಲ್ಲ."

"ನೀವು ಹೇಳಿ," ಅತ್ತೆ ಮಾಮನ ಕಡೆ ತಿರುಗಿದರು. "ನಿಮಗೇನಾದ್ರೂ ಸಿಟ್ಟಿತ್ತಾ?"

"ಇತ್ತು. ಕಟಿಂಗ್ ಮೆಷಿನ್ ಬರುತ್ತಂತೆ. ಅದು ಬಂದ ಮೇಲೆ ಈ ಮುದಿ ಕೈ ಯಾರಿಗೆ ಬೇಕು?" ಮಾಮ ಬಗ್ಗಿ ಜಾಲರಿಯ ಒಂದು ಚೂರು ಎತ್ತಿದರು. "ಆದ್ರೆ ತಾಯಿ, ನಾನು ಸಿಟ್ಟು ಬಂದ್ರೆ ಬೈತೀನಿ. ಇದನ್ನ ಹರಿಯಲ್ಲ. ಇದನ್ನ ಕೊರೆದು ಕಣ್ಣಲ್ಲಿ ನೀರು ಇಳೀತಿದೆ ಇನ್ನೂ. ಮಾಡಿದವರು ಒಂದು ಹೂವಾದ್ರೂ ಬಿಟ್ಟಿದಾರಾ ನೋಡಿ."

"ಇಲ್ಲಿ ತಪ್ಪು ಮಾಡಿದವರಿಗೆ ಏನು ಶಿಕ್ಷೆ?"

"ಅಳತೆ ತಪ್ಪಿದ್ರೆ ಕ್ಷಮೆ ಇಲ್ಲ. ಹೋದ ವರ್ಷ ಒಂದು ಹುಡುಗಿ ಲಕೋಟೆಗೆ ಹಿಡಿಯದ ಹಾಗೆ ಕಾರ್ಡು ಕತ್ತರಿಸಿದ್ಲು. ಎಲ್ಲರೆದುರು ನಿಲ್ಲಿಸಿ ಬೈದು ಅವತ್ತೇ ಕಳಿಸಿದ್ರು."

"ಅದೆಲ್ಲ ಈಗ ಯಾಕೆ?" ಅಕ್ಕ ಅಂದರು. ಕೂತಲ್ಲಿಂದಲೇ. ಅವರ ಮೊಣಕೈ ಒತ್ತುಹಲಗೆಯ ಮೇಲಿತ್ತು. ಅಂಟು ಹಾಕಿದ ಕಾರ್ಡು ಸುರುಳಿ ಸುತ್ತಬಾರದು ಅಂತ ನಾವು ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರುತ್ತೇವೆ. ಅದೇ ಹಲಗೆ.

ಅತ್ತೆ ಈಗ ನನ್ನ ಎದುರು ಬಂದು ನಿಂತರು.

"ಕತ್ತರಿ ದಿನಾ ಮನೆಗೆ ತರ್ತೀಯ. ನಿನ್ನೆ ಯಾಕೆ ತರಲಿಲ್ಲ?"

ಇವರಿಗೂ ಅನುಮಾನವೇ? "ಶಾಲೆಯಿಂದ ಫೋನ್ ಬಂತಲ್ಲ ಅತ್ತೆ. ಮಗೂಗೆ ಜ್ವರ ಅಂತ. ಬೀಗ ಹಾಕ್ಕೊಂಡು ಓಡಿದೆ. ಕತ್ತರಿ ಮೇಜಿನ ಮೇಲೇ ಉಳೀತು."

"ಆಮೇಲೆ ಮತ್ತೆ ಹೊರಗೆ ಹೋದೆ."

"ಔಷಧಿಗೆ."

"ತಡವಾಗಿ ಬಂದೆ."

"ಹತ್ತಿರದ ಅಂಗಡಿ ಮುಚ್ಚಿತ್ತು..."

"ನೋಡಿದ್ರಾ?" ಅಕ್ಕ ತಮ್ಮನ ಕಡೆ ತಿರುಗಿದರು. "ಮನೆಯವರೇ ಹೇಳ್ತಿದಾರೆ."

ಅತ್ತೆ ಕತ್ತರಿ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಅಲಗಿನ ಮೇಲೆ ಬೆರಳು ಆಡಿಸಿದರು.

"ಇಲ್ಲಿ ಹಲ್ಲು ಬಿದ್ದಿದೆ. ಇದರಲ್ಲಿ ತಂತಿ ಕತ್ತರಿಸಿದಾರೆ. ಮಾಮ, ನೀವು ತಂತಿ ಯಾವುದರಲ್ಲಿ ಕತ್ತರಿಸ್ತೀರಿ?"

"ಇಕ್ಕುಳದಲ್ಲಿ. ಅಲ್ಲೇ ಮೊಳೆಗೆ ನೇತಾಡ್ತಿದೆಯಲ್ಲ."

"ಒಂದು ಹಾಲಿನ ಪ್ಯಾಕೆಟ್ಟು ಕತ್ತರಿಸಿದ್ದಕ್ಕೆ ಇವಳು ನನ್ನ ಮೇಲೆ ಹಾರಾಡಿದಳು. ಇದು ಕಾಗದಕ್ಕೆ ಮಾತ್ರ ಅತ್ತೆ, ಅಂತ. ಹೆತ್ತ ಮಗನ್ನೂ ಮುಟ್ಟೋಕೆ ಬಿಡಲ್ಲ. ಅಂಥವಳು ಕೈಗೆಟುಕೋ ಇಕ್ಕುಳ ಬಿಟ್ಟು ಇದರಲ್ಲಿ ತಂತಿ ಕತ್ತರಿಸ್ತಾಳಾ?"

"ಸಿಟ್ಟಲ್ಲಿ—" ಅಕ್ಕ ಶುರು ಮಾಡಿದರು.

"ಇರಬಹುದು. ಸಿಟ್ಟಿನ ವಿಷಯ ಆಮೇಲೆ ನೋಡೋಣ." ಅತ್ತೆ ಬಾಗಿಲಿಗೆ ನಡೆದರು. ಚೌಕಟ್ಟಿನ ಹಳೇ ಮರದ ಮೇಲೆ ಕೈ ಸವರಿ ನಿಂತರು. "ಇಲ್ಲಿ ಬನ್ನಿ ಎಲ್ಲಾ."

ಮರದ ಸಿಬಿರಿಗೆ ಕೆಂಪು ಕ್ರೇಪಿನ ಎಳೆಗಳು ಸಿಕ್ಕಿಕೊಂಡಿದ್ದವು.

"ಕಳ್ಳ ಹೋಗುವಾಗ ತಾಗಿರಬೇಕು," ಅಂದ ತಮ್ಮ.

"ಸರಿ. ಈ ಕಡೆ ಇದೇನು?"

ಎದುರಿನ ಚೌಕಟ್ಟಿನಲ್ಲೂ ಅದೇ ಕೆಂಪು. ಅದೇ ಎತ್ತರದಲ್ಲಿ.

"ಎರಡೂ ಪಕ್ಕಕ್ಕೆ ಒಟ್ಟಿಗೆ ತಾಗಿಸ್ಕೊಂಡು ಹೋಗೋ ಕಳ್ಳ ಎಷ್ಟು ದಪ್ಪ ಇರಬೇಕು?" ಅತ್ತೆ ಕೇಳಿದರು. "ಅದಿರಲಿ. ಆ ಹೃದಯನ ಹೋಟೆಲಿಗೆ ಹೇಗೆ ಸಾಗಿಸಬೇಕು ಅಂದ್ಕೊಂಡಿದ್ರಿ?"

"ಗಾಡಿ ಹೇಳಿದ್ವಿ," ತಮ್ಮ ಅಂದ.

"ಗಾಡಿವರೆಗೆ?"

ಅವನು ಬಾಗಿಲಿನ ಕಡೆ ನೋಡಿದ.

"ಹೃದಯದ ಬುಡದ ಆ ತಂತಿ ಬಳೆ ಇನ್ನೂ ಗಟ್ಟಿಯಾಗಿದೆ. ಎತ್ತಿ ತನ್ನಿ."

ಮಾಮ, ತಮ್ಮ ಇಬ್ಬರೂ ಸೇರಿ ತಂತಿಯ ಬುಡವನ್ನು ಎತ್ತಿ ತಂದರು. ನೇರವಾಗಿ ಹಿಡಿದರೆ ಹೋಗಲಿಲ್ಲ. ಅಡ್ಡ ತಿರುಗಿಸಿದರು. ಊಹೂಂ. ಬರೀ ಬುಡದ ಕತೆಯೇ ಹೀಗೆ. ಅದರ ಸುತ್ತ ಗುಲಾಬಿ, ಜಾಲರಿ ಎಲ್ಲಾ ಉಬ್ಬಿಕೊಂಡಿದ್ದಾಗ?

ನನಗೆ ನಗು ಬಂತು. ಅಳುವಿನ ಜೊತೆ ಬರುವಂಥ ನಗು. ಹುಟ್ಟಾ ಕಾರ್ಡು ಮಾಡಿದವರು ನಾವು. ನಮ್ಮ ಕೈಯಿಂದ ಏನು ಹೊರಟರೂ ಮಡಿಚಿಕೊಳ್ಳುತ್ತದೆ, ಲಕೋಟೆಯೊಳಗೆ ಹೋಗುತ್ತದೆ. ಕಿಟಕಿಯ ಹತ್ತಿರ, ಗೋಡೆಯ ಹತ್ತಿರ ನಿಂತು ಅದರ ಅಂದ ನೋಡಿದ್ದೆವು. ಬಾಗಿಲು ಅನ್ನುವುದೊಂದಿದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಒಬ್ಬರಿಗೆ ಮಾತ್ರ ಹೊಳೆದಿತ್ತು," ಅತ್ತೆ ಅಂದರು, ನನ್ನ ಮನಸ್ಸಿನಲ್ಲಿದ್ದುದನ್ನು ಓದಿದವರಂತೆ. "ನಿನ್ನೆ ರಾತ್ರಿ. ಬಂದು ನೋಡಿದರು, ತಳ್ಳಿದರು. ಸಿಕ್ಕಿಕೊಂಡು ಹರೀತು. ಹರಿದದ್ದನ್ನ ಮುಚ್ಚಬೇಕು. ಅಳತೆ ತಪ್ಪಿದ್ದನ್ನ ಅದಕ್ಕಿಂತ ಮೊದಲು ಮುಚ್ಚಬೇಕು. ಪೂರ್ತಿ ಚಿಂದಿ ಮಾಡಿದ್ರೆ ಅಳತೆ ಯಾರು ಕೇಳ್ತಾರೆ? ಮೇಜಿನ ಮೇಲೆ ಇನ್ನೊಬ್ಬರ ಕತ್ತರಿ ಬೇರೆ ಸಿಕ್ತು."

"ಏನು ಹೇಳ್ತಿದೀರಿ ನೀವು?" ಅಕ್ಕನ ಧ್ವನಿ ತೆಳ್ಳಗಾಗಿತ್ತು.

"ಕಾಪಿ ಹೊಡೆಯೋ ಮಕ್ಕಳ ಕೈ ನೋಡಿದ್ರೆ ಏನೂ ಸಿಗಲ್ಲಮ್ಮ. ಎಲ್ಲರೂ ಎದ್ದಾಗ ಯಾರು ಏಳಲ್ಲ ಅಂತ ನೋಡಬೇಕು. ಬಾಗಿಲಿಗೆ ಬನ್ನಿ ಅಂದೆ. ಇವರೆಲ್ಲ ಬಂದರು. ನೀವು ಆ ಕುರ್ಚಿ ಬಿಡಲಿಲ್ಲ. ಆ ಹಲಗೆ ಮೇಲಿನ ಪುಸ್ತಕ ಸ್ವಲ್ಪ ಇಳಿಸ್ತೀರಾ?"

ಅಕ್ಕ ಅಲ್ಲಾಡಲಿಲ್ಲ. ಅವರ ತಮ್ಮನೇ ಹೋಗಿ ಪುಸ್ತಕ ಇಳಿಸಿ, ಮೇಲಿನ ಹಲಗೆ ಎತ್ತಿದ.

ಎರಡು ಬಿಳಿ ಹಕ್ಕಿಗಳು. ಒಂದು ಗರಿಯೂ ಮುಕ್ಕಾಗಿರಲಿಲ್ಲ. ಕಾಲಿನ ಹತ್ತಿರ, ಅಂಟು ಬಿಡಿಸಲು ನೀರು ಸವರಿದ ಕಡೆ, ಕಾಗದ ಇನ್ನೂ ತುಸು ಒದ್ದೆ.

"ಕದ್ದ ಮಾಲು," ಅತ್ತೆ ಅಂದರು. "ಸಿಟ್ಟಿನ ವಿಷಯ ಈಗ ಹೇಳ್ತೀನಿ. ನನ್ನ ಸೊಸೆ ಮಾಡಿದ್ರೆ ಗುಲಾಬಿ ಉಳೀತಿತ್ತು. ಮಾಮ ಮಾಡಿದ್ರೆ ಜಾಲರಿ ಉಳೀತಿತ್ತು. ಈ ಹುಡುಗ ಮಾಡಿದ್ರೆ ಏನೂ ಉಳೀತಿರಲಿಲ್ಲ. ಉಳಿದದ್ದು ನಿಮ್ಮ ಹಕ್ಕಿ. ಕತ್ತರಿಸೋಕೆ ಕೈ ಬರಲಿಲ್ಲ. ನೀರು ಸವರಿ, ಮೆಲ್ಲಗೆ ಬಿಡಿಸಿ, ಒಣಗೋಕೆ ಭಾರ ಇಟ್ರಿ. ಒಣಗೋವರೆಗೂ ಎತ್ತೋ ಹಾಗಿಲ್ಲ, ಬಿಟ್ಟು ಏಳೋ ಹಾಗೂ ಇಲ್ಲ."

ಅಕ್ಕ ಒಂದು ಹಕ್ಕಿಯ ರೆಕ್ಕೆಯ ಮೇಲೆ ಬೆರಳಿಟ್ಟರು.

"ಆ ಹುಡುಗಿನ ಇದೇ ಬಾಗಿಲಿಂದ ಕಳಿಸಿದ್ದೆ," ಅಂದರು. "ಲಕೋಟೆಗೆ ಹಿಡಿಯದ ಕಾರ್ಡಿಗೆ. ಈಗ ನಾನು ಬಾಗಿಲಿಗೆ ಹಿಡಿಯದ್ದು ಮಾಡಿದೀನಿ ಅಂತ ಯಾವ ಮುಖ ಇಟ್ಕೊಂಡು ಹೇಳಲಿ?"

"ಅದಕ್ಕೆ ನನ್ನ ಮುಖ ತಗೊಂಡ್ರಾ ಅಕ್ಕ?" ನಾನು ಕೇಳಿದೆ.

ಅಕ್ಕನ ತಮ್ಮ ಮೊಬೈಲು ತೆಗೆದು ಅಕ್ಕನ ಮುಂದೆ ಇಟ್ಟ. "ಹೋಟೆಲಿಗೆ ಮಾಡು. ಇವರೆದುರೇ ಮಾಡು," ಅಂದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಕ್ಕ ಮಾಡಿದರು. ಕೆಲಸದವರದು ಏನೂ ತಪ್ಪಿಲ್ಲ, ಅಳತೆ ನನ್ನದೇ ತಪ್ಪಿತು, ಕತ್ತರಿಸಿದ್ದೂ ನಾನೇ—ಒಂದೊಂದು ಮಾತೂ ನಡುವೆ ನಿಂತು ನಿಂತು ಬಂತು. ಆ ಕಡೆಯವರು ಏನೋ ಜೋರಾಗಿ ಹೇಳಿದರು. ಅಕ್ಕ ಫೋನು ಕೈಯಲ್ಲಿ ಮುಚ್ಚಿ ನನ್ನ ಕಡೆ ನೋಡಿದರು. "ಸಂಜೆಗೆ ಏನಾದ್ರೂ ಕೊಡೋಕೆ ಆಗುತ್ತಾ ಅಂತ ಕೇಳ್ತಿದಾರೆ. ನೀನು ಇರ್ತೀಯಾ? ಇರು ಅನ್ನೋ ಹಕ್ಕು ನನಗಿಲ್ಲ."

ಹೊರಟುಬಿಡಬಹುದಿತ್ತು. ಹೊರಟರೆ ಹೋಟೆಲಿನವರು ಕೊನೆಗೆ ನೆನಪಿಟ್ಟುಕೊಳ್ಳುವುದು ಹೃದಯ ನಿಲ್ಲಬೇಕಿದ್ದ ಖಾಲಿ ಜಾಗವನ್ನು. ನನಗೆ ಅವರು ನನ್ನ ಗುಲಾಬಿಗಳನ್ನು ನೆನಪಿಟ್ಟುಕೊಳ್ಳುವುದು ಬೇಕಿತ್ತು.

"ಇವತ್ತಿನ ಮಟ್ಟಿಗೆ ಇರ್ತೀನಿ," ಅಂದೆ. "ನಾಳೆಯ ಮಾತು ನಾಳೆ. ಆದರೆ ಇದು ಕಾರ್ಡಿನ ಹಾಗೆ ಆಗಬೇಕು. ಮೂರು ಭಾಗ, ನಡುವೆ ಮಡಿಕೆ. ಮಡಿಚಿ ಒಯ್ಯೋದು, ಅಲ್ಲಿ ಬಿಚ್ಚೋದು. ಟೇಪು ಮಾಮನ ಕೈಲಿ."

ಅಕ್ಕ ಜೇಬಿನಿಂದ ಟೇಪು ತೆಗೆದು ಮಾಮನಿಗೆ ಕೊಟ್ಟರು. ಮಾಮ ಹೃದಯದ ಕಡೆ ಹೋಗಲಿಲ್ಲ. ನೇರವಾಗಿ ಬಾಗಿಲಿಗೆ ಹೋಗಿ ಅಳೆಯತೊಡಗಿದರು, ಗೊಣಗುತ್ತಾ.

ಅತ್ತೆ ಹೊರಡಲಿಲ್ಲ. ಮಗುವಿಗೆ ಜ್ವರ ಇಳಿದಿದೆ, ಅಪ್ಪನ ಪಕ್ಕ ಮಲಗಿದೆ ಅಂದು ನನ್ನ ಮೇಜಿನ ಹತ್ತಿರ ಕೂತರು. ಕೆಂಪು ಕ್ರೇಪ್ ಕೈಗೆತ್ತಿಕೊಂಡು ಒಂದು ದಳ ತಿರುಚಿದರು. ಅದು ಎಲೆಕೋಸಿನ ಹಾಗಾಯಿತು.

"ಅತ್ತೆ, ಅಷ್ಟೆಲ್ಲ ಪ್ರಶ್ನೆ ಕೇಳಿದಾಗ ನನ್ನ ಮೇಲೆ ನಿಮಗೆ ಅನುಮಾನ ಇತ್ತಾ?"

"ಇತ್ತು," ಅಂದರು, ತಲೆ ಎತ್ತದೆ. "ತಂತಿ ಕತ್ತರಿಸಿದ ಹಲ್ಲು ನೋಡೋವರೆಗೆ. ಆಮೇಲೆ ಅವತ್ತು ನೀನು ಬೈದದ್ದು ನೆನಪಾಯ್ತು."

ನಾನು ಹಲ್ಲು ಬಿದ್ದ ಕತ್ತರಿಯನ್ನು ಒರೆಸಿದೆ. ಹಿಡಿಯ ನೀಲಿ ದಾರ ಬಿಗಿ ಮಾಡಿದೆ. ಆಮೇಲೆ ಅದನ್ನು ಅವರ ಕಡೆ ಸರಿಸಿದೆ.

"ಎಲೆಕೋಸಿನ ಅಂಚು ಸ್ವಲ್ಪ ಕತ್ತರಿಸಿ ಅತ್ತೆ. ಗುಲಾಬಿ ಆಗುತ್ತೆ."

ಅವರು ಕತ್ತರಿ ನೋಡಿದರು, ನನ್ನನ್ನು ನೋಡಿದರು. ಮುಟ್ಟುವ ಮೊದಲು ಕೈ ಸೆರಗಿಗೆ ಒರೆಸಿಕೊಂಡರು.